ನಿಮ್ಮಪ್ಪನ ಪರವಾಗಿ ನುಡಿದ ಸಾಕ್ಷಿ

ಯುಗಾದಿ ಮುಗಿದ ವಾರ ನಿಮ್ಮಪ್ಪ ಡರ್ಹಮ್‌ಗೆ ಬಂದು ನನ್ನನ್ನು ಸ್ಟರ್ಲಿಂಗ್‌ಗೆ ಕರೆದುಕೊಂಡು ಹೋದ. ಕೊರೋನಾ ಕಾಲದಲ್ಲಿ ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅಮೆರಿಕಕ್ಕೆ ಬಂದು ನಿಮ್ಮ ಸೋದರತ್ತೆಯ ಮನೆಯಲ್ಲಿದ್ದೆ. ಅವಳಿಗೆ ಆಸ್ಪತ್ರೆಯಲ್ಲಿ ಕೆಲಸ. ನನಗೆ ಗ್ರೀನ್ ಕಾರ್ಡ್ ಮಾಡಿಸಿದವಳೂ ಅವಳೇ. ನಿಮ್ಮಪ್ಪ ಅಲ್ಲಿಯವರೆಗೆ ತನ್ನ ಮನೆಗೆ ಬಂದಿರು ಎಂದು ನನ್ನನ್ನು ಕರೆದವನಲ್ಲ. ಈಗ ಕರೆದ. ನಾನು ಕಾರಣ ಕೇಳದೆ ಸೀರೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

"ಅವ್ವಾ, ಯಾಕ ಕರೀತಾನ ಅಂತ ಕೇಳಿದೇನು?" ಎಂದಳು ನಿಮ್ಮ ಸೋದರತ್ತೆ.

"ಮಗಾ ಕರದರ ಯಾಕ ಅಂತ ಕೇಳ್ತಾರೇನ?"

"ಇಲ್ಲಿ ಕೇಳಬೇಕು" ಎಂದು ಅವಳು ಡ್ಯೂಟಿಗೆ ಹೊರಟುಹೋದಳು.

ಈಚೆಗೆ ನಿಮ್ಮಲ್ಲಿ ದೊಡ್ಡವಳು ಫೋನಿನಲ್ಲಿ ನನ್ನನ್ನು ಒಂದು ಮಾತು ಕೇಳಿದಳು. "ಅಜ್ಜಿ, ನೀನು ಕೋರ್ಟ್‌ನಲ್ಲಿ ಡ್ಯಾಡಿ ಅಗೇನ್ಸ್ಟ್ ಮಾತಾಡಿದ್ಯಾ?" ಫೋನಿನಲ್ಲಿ ಹೇಳುವ ಮಾತಲ್ಲ ಅದು. ಎದುರಿಗೆ ಕೂತರೂ ನನ್ನ ಬಾಯಿಂದ ಬರುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಹುಟ್ಟಿದಾಗಿನಿಂದ ಅಂಜಿಕೆ. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆಯಲು ಬರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದಿದ್ದರೆ ನಿಮ್ಮ ಅಮ್ಮ ಓದಿ ಹೇಳಲಿ. ತನಗೆ ಬೇಡವಾದದ್ದನ್ನು ಬಿಟ್ಟು ಓದುವವಳಲ್ಲ ಅವಳು.

ಕಾರಣವನ್ನು ನಿಮ್ಮಪ್ಪ ದಾರಿಯಲ್ಲಿ ಹೇಳಿದ. ನಿಮ್ಮ ಅಮ್ಮ ಮನೆ ಬಿಟ್ಟು, ಅಲ್ಲೇ ಹತ್ತಿರದಲ್ಲಿ ಒಬ್ಬರ ಮನೆಯ ಬೇಸ್‌ಮೆಂಟ್ ಬಾಡಿಗೆಗೆ ಹಿಡಿದಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಮಕ್ಕಳು ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಇರಬೇಕೆಂದು ಕೋರ್ಟು ಸದ್ಯಕ್ಕೆ ಹೇಳಿದೆ, ಕೊನೆಯ ವಿಚಾರಣೆ ಇನ್ನೂ ಬಾಕಿ ಇದೆ ಎಂಬುದು ಗೊತ್ತಿರಲಿಲ್ಲ.

"ನೀ ಏನೂ ಮಾಡೂದು ಬ್ಯಾಡವಾ. ಮನ್ಯಾಗ ಇದ್ದರ ಸಾಕು" ಎಂದ. "ಲಾಯರ್ ಹೇಳ್ಯಾನ, ಗ್ರ್ಯಾಂಡ್‌ಮದರ್ ಮನ್ಯಾಗ ಇದ್ದರ ಕೇಸ್ ಸ್ಟ್ರಾಂಗ್ ಆಗ್ತೈತಿ ಅಂತ. ಅಕಿ ದಿನಾ ಆಫೀಸಿಗೆ ಹೋಗ್ತಾಳ. ಹುಡುಗರನ್ನ ಆಫ್ಟರ್ ಸ್ಕೂಲಿನ್ಯಾಗ ಒಗೀತಾಳ. ನಮ್ಮ ಮನ್ಯಾಗ ನೀ ಇರ್ತಿ. ಜಡ್ಜ್‌ಗೆ ಇನ್ನೇನ ಬೇಕು?"

"ಅಂದರ ಹುಡುಗರು ಪೂರ್ತಿ ನಿನ್ನ ಹಂತೇಕ ಉಳೀತಾವೇನು?"

"ಉಳೀಬೇಕು. ನಮ್ಮ ಮನಿ ಹುಡುಗರು."

ನನಗೂ ಆಗ ಹಾಗೇ ಅನಿಸಿತು. ನಮ್ಮೂರಲ್ಲಿ ಗಂಡನ ಮನೆ ಬಿಟ್ಟು ಹೋದ ಹೆಂಗಸು ಮಕ್ಕಳನ್ನು ಕೇಳುತ್ತಿರಲಿಲ್ಲ. ಕೇಳಬಹುದು ಎಂದು ಅವಳಿಗೆ ಹೇಳುವವರೂ ಇರಲಿಲ್ಲ. ಮೊಲೆ ಬಿಡದ ಕೂಸಾದರೆ ಜೊತೆಗೆ ಕಳಿಸುತ್ತಿದ್ದರು, ನಡೆಯಲು ಕಲಿತ ಮೇಲೆ ಹೋಗಿ ಎತ್ತಿಕೊಂಡು ಬರುತ್ತಿದ್ದರು.

ನಿಮ್ಮಲ್ಲಿ ದೊಡ್ಡವಳಿಗೆ ಆಗ ಒಂಬತ್ತು, ಸಣ್ಣವನಿಗೆ ಐದು. ನೀವು ಬರುವ ವಾರಗಳು ನನಗೆ ಹಬ್ಬ. ಎಬ್ಬಿಸುವುದು, ಹಲ್ಲು ಉಜ್ಜಿಸುವುದು, ಡಬ್ಬಿ ಕಟ್ಟುವುದು, ಬಸ್ಸು ಬರುವ ತಿರುವಿನವರೆಗೆ ಹೋಗಿ ನಿಲ್ಲುವುದು. ಬಸ್ ಸ್ಟಾಪಿನಲ್ಲಿ ಬೇರೆ ತಾಯಂದಿರು ನಕ್ಕು ಗುಡ್ ಮಾರ್ನಿಂಗ್ ಎಂದರೆ ನಾನು ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಿದ್ದೆ. ನಿಮ್ಮಪ್ಪನಿಗೆ ಮನೆಯಿಂದಲೇ ಕೆಲಸ. ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಮೀಟಿಂಗ್. ಚಹಾ, ತಿಂಡಿ, ಊಟ ನಾನೇ ಮೇಲೆ ಒಯ್ದು ಕೊಡುತ್ತಿದ್ದೆ. ಉಂಡ ತಾಟು ನಾನೇ ಕೆಳಗೆ ತರುತ್ತಿದ್ದೆ. ನಿಮ್ಮ ಅಜ್ಜನೂ ಹಾಗೆಯೇ, ತಾಟಿನಲ್ಲೇ ಕೈ ತೊಳೆದು ಎದ್ದು ಹೋದವರು. ನಮ್ಮ ಮನೆಯಲ್ಲಿ ತಾಟು ಎತ್ತುವ ಗಂಡಸನ್ನು ನಾನು ನೋಡಿಲ್ಲ. ನೋಡಿದ್ದರೆ, ಈ ಮನೆಯಲ್ಲಿ ಹೆಂಗಸರು ಸತ್ತಿದ್ದಾರೇನು ಎಂದು ಕೇಳುತ್ತಿದ್ದೆ.

ನಿಮ್ಮಪ್ಪನಿಗೆ ನಿಮ್ಮ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೀಟಿಂಗ್ ಮುಗಿಸಿ ಕೆಳಗೆ ಬಂದವನೇ ಸಣ್ಣವನನ್ನು ಹೆಗಲ ಮೇಲೆ ಹೊತ್ತು ಮನೆಯೆಲ್ಲ ಸುತ್ತುತ್ತಿದ್ದ. ದೊಡ್ಡವಳ ಗಣಿತ ನೋಡುತ್ತಿದ್ದ, ನೋಡುತ್ತ ಸಿಟ್ಟು ಮಾಡುತ್ತಿದ್ದ. ಬಳಿಕ ಐಸ್ ಕ್ರೀಮ್ ಕೊಡಿಸಲು ಇಬ್ಬರನ್ನೂ ಕಾರಿಗೆ ಹತ್ತಿಸುತ್ತಿದ್ದ. ನೀವು ನಿಮ್ಮ ಅಮ್ಮನ ಹತ್ತಿರ ಹೋದ ವಾರ ಆ ಮನುಷ್ಯ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಬ್ಬ ಅಂಕಲ್ ಬಂದರು. ಅಲ್ಲಿಯ ಕನ್ನಡದವರಲ್ಲಿ ಹಿರಿಯರು, ಯಾರ ಮನೆಯ ಜಗಳವಾದರೂ ಅವರನ್ನು ಕರೆಸುತ್ತಾರೆ. ನಿಮ್ಮಪ್ಪನೇ ಅವರನ್ನು ನಿಮ್ಮ ಅಮ್ಮನ ಹತ್ತಿರ ರಾಜಿಗೆ ಕಳಿಸಿದ್ದ. ಅಲ್ಲಿಂದ ನೇರ ಇಲ್ಲಿಗೆ ಬಂದು ಸೋಫಾದಲ್ಲಿ ಕೂತು, ನಾನು ಕೊಟ್ಟ ಅವಲಕ್ಕಿ ಚೂಡಾ ತಿಂದು, ಚಹಾ ಕೈಯಲ್ಲಿ ಹಿಡಿದು ಹೇಳಿದರು.

"ಎಲ್ಲಾ ನೈಸಾಗೇ ಹೇಳ್ದೆ ಕಣಯ್ಯ. ನೋಡಮ್ಮ, ನೀನು ಮಕ್ಕಳ ಖರ್ಚಿಗೆ ಅಂತ ಸಪೋರ್ಟ್ ಕೇಳ್ಬೇಡ, ಅವನೂ ನಿನ್ನ ಕೇಳಲ್ಲ. ಮಕ್ಕಳು ಅಪ್ಪನ ಮನೇಲಿ ಇರ್ಲಿ, ವೀಕೆಂಡ್ ಬಂದು ನೋಡ್ಕೊಂಡು ಹೋಗು. ಒಂದು ಸೈನ್ ಮಾಡಿದ್ರೆ ಮುಗೀತು. ಕೋರ್ಟು ಕಚೇರಿ ನಮ್ಮಂಥೋರಿಗಲ್ಲ ಅಂದೆ."

"ಏನಂದಳು?" ಎಂದ ನಿಮ್ಮಪ್ಪ.

ಅಂಕಲ್ ನಕ್ಕರು. "ಏನಂತಾಳೆ? ಅಂಕಲ್, ಸಪೋರ್ಟ್ ಅನ್ನೋದು ನಂದಲ್ಲ, ಮಕ್ಕಳದು. ಅವರದ್ದನ್ನ ನಾನು ಹೇಗೆ ಬಿಟ್ಟುಕೊಡ್ಲಿ ಅಂದ್ಲು. ನಾನು ಸೈನ್ ಮಾಡಿದ್ರೂ ಜಡ್ಜ್ ಒಪ್ಪಲ್ವಂತೆ. ಲಾಯರ್ ಆಗ್ಬಿಟ್ಟಿದಾಳೆ ನಿನ್ನ ಹೆಂಡ್ತಿ."

"ಹೆಂಡತಿ ಅನಬ್ಯಾಡ್ರಿ" ಎಂದು ನಿಮ್ಮಪ್ಪ ಮೇಲೆ ಹೋದ. ಅಂಕಲ್ ಚಹಾ ಪೂರ್ತಿ ಕುಡಿದು, ಚೂಡಾ ಚೆನ್ನಾಗಿದೆ ಅಮ್ಮಾ ಎಂದು ಹೇಳಿ ಹೊರಟರು.

ನಿಮ್ಮನ್ನು ಈ ಮನೆಯಿಂದ ಆ ಮನೆಗೆ ಕೊಡುವುದು ಭಾನುವಾರ ಸಂಜೆ, ಒಂದು ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತಿದ್ದವು. ನೀವು ಒಂದರಿಂದ ಇಳಿದು ಇನ್ನೊಂದನ್ನು ಹತ್ತುತ್ತಿದ್ದಿರಿ. ನಿಮ್ಮಪ್ಪ ಕಾರಿನಿಂದ ಇಳಿಯುತ್ತಿರಲಿಲ್ಲ. ಜೂನ್‌ನಲ್ಲಿ ಒಮ್ಮೆ ಅವನು ಫೋನಿನಲ್ಲಿ ಮಾತಾಡುತ್ತ ಅಂಗಡಿಯೊಳಗೆ ಹೋದಾಗ ನಿಮ್ಮ ಅಮ್ಮ ನನ್ನ ಕಿಟಕಿಯ ಹತ್ತಿರ ಬಂದಳು. ಸೊರಗಿದ್ದಳು. ಮೈಸೂರಿನ ಹುಡುಗಿ, ಮದುವೆಯಾದ ಹೊಸದರಲ್ಲಿ ನನ್ನ ಮಾತು ತಿಳಿಯದೆ ಎಲ್ಲದಕ್ಕೂ ನಗುತ್ತಿದ್ದಳು. ಈಗ ನಗಲಿಲ್ಲ.

"ಚೆನ್ನಾಗಿದೀರಾ ಅತ್ತೆ? ಕಣ್ಣಿನ ಆಪರೇಷನ್ ಅಂತೆ?"

"ಹೂಂ. ಕಣ್ಣಿಗೆ ಪರಿ ಬಂದೈತಿ. ಮುಂದಿನ ವಾರ ಡರ್ಹಮ್‌ಗೆ ಹೋಗ್ತೇನಿ. ಮಗಳು ಮಾಡಸ್ತಾಳ."

"ಮುಂದಿನ ವಾರ ಮಕ್ಕಳು ಇವರ ಹತ್ರ ಇರ್ಬೇಕಿತ್ತು. ನೀನೇ ಇಟ್ಕೋ ಅಂತ ಮೆಸೇಜ್ ಮಾಡಿದಾರೆ." ಅವಳು ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿದಳು. "ಅತ್ತೆ, ನಿಮ್ಮನ್ನ ಯಾಕೆ ಕರ್ಸಿದಾರೆ ಗೊತ್ತಾ?"

"ಗೊತ್ತೈತಿ."

"ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ಮನೆ, ವೀಸಾ ಎಲ್ಲಾ ಅವರ ಹೆಸರಲ್ಲೇ ಇತ್ತಲ್ಲ, ನಂಗೆ ಮಕ್ಕಳ ಮೇಲೆ ಏನೂ ಹಕ್ಕಿಲ್ಲ ಅಂದ್ಕೊಂಡಿದ್ದೆ. ಎಲ್ಲರೂ ಹಾಗೇ ಹೆದರ್ಸಿದ್ರು. ನಿನ್ನನ್ನ ಇಂಡಿಯಾಗೆ ಕಳಿಸ್ಬಿಡ್ತಾರೆ, ಮಕ್ಕಳು ಇಲ್ಲೇ ಉಳ್ಕೋತವೆ ಅಂತ. ಲಾಯರ್ ಹತ್ರ ಹೋದ್ಮೇಲೆ ಗೊತ್ತಾಯ್ತು. ಇಲ್ಲಿ ಅಪ್ಪ ಹೆಚ್ಚು, ಅಮ್ಮ ಕಮ್ಮಿ ಅಂತ ಇಲ್ವಂತೆ. ಮಕ್ಕಳಿಗೆ ಯಾವುದು ಒಳ್ಳೇದು, ಇಷ್ಟು ದಿನ ಯಾರು ನೋಡ್ಕೊಂಡ್ರು, ಅದನ್ನೇ ಕೇಳ್ತಾರಂತೆ."

"ಅಷ್ಟs ಏನು?"

"ಅಷ್ಟೇ ಅತ್ತೆ. ಅಷ್ಟನ್ನ ತೋರ್ಸೋಕೆ ಇಷ್ಟು ಒದ್ದಾಟ."

ನಿಮ್ಮಪ್ಪ ಅಂಗಡಿಯಿಂದ ಹೊರಗೆ ಬಂದದ್ದು ಕಂಡು ಅವಳು ತನ್ನ ಕಾರಿಗೆ ಹೋದಳು. ದೊಡ್ಡವಳು ಹಿಂದಿನ ಕಿಟಕಿಯಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಿನಗೆ ನೆನಪಿದೆಯೋ ಇಲ್ಲವೋ.

ಕಣ್ಣಿನ ಕೆಲಸ ಮುಗಿಸಿ ನಾನು ಸ್ಟರ್ಲಿಂಗ್‌ಗೆ ಮರಳಿದ ಮೇಲೆ ಸಣ್ಣವನಿಗೆ ಒಂದು ದಿನ ಜೋರು ಜ್ವರ ಬಂತು. ಮೈ ಕೆಂಡವಾಗಿತ್ತು. ಮೇಲೆ ನಿಮ್ಮಪ್ಪನ ಮೀಟಿಂಗ್ ನಡೆದಿತ್ತು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತೆ. ಒಳಗೆ ಅವನು ಇಂಗ್ಲಿಷಿನಲ್ಲಿ ಯಾರಿಗೋ ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತಿದ್ದ. ಬಾಗಿಲು ಬಡಿಯಲಿಲ್ಲ. ಕೆಳಗೆ ಬಂದು ದೊಡ್ಡವಳ ಕೈಯಿಂದ ನಿಮ್ಮ ಅಮ್ಮನಿಗೆ ಫೋನ್ ಮಾಡಿಸಿದೆ. ಅವಳು ಆಫೀಸಿನಿಂದ ಹಾಗೇ ಬಂದು, ಬಾಗಿಲಲ್ಲೇ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದಳು. ಒಂದು ಕಾಲದಲ್ಲಿ ಅವಳದೇ ಆಗಿದ್ದ ಮನೆಯ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

ವಿಚಾರಣೆ ಆಗಸ್ಟಿನಲ್ಲಿ. ಹಿಂದಿನ ದಿನ ನಿಮ್ಮಪ್ಪ ಅಡುಗೆಮನೆಗೆ ಬಂದು ಸ್ಟೂಲ್ ಎಳೆದು ಕೂತ. ನಾನು ರೊಟ್ಟಿ ಬಡಿಯುತ್ತಿದ್ದೆ.

"ಅವ್ವಾ, ನಾಳೆ ಅಂಜಬ್ಯಾಡ. ಕನ್ನಡದಾಗs ಮಾತಾಡು. ಇಂಟರ್‌ಪ್ರಿಟರ್ ಇರ್ತಾರ."

"ನನಗೇನ ಮಾತಾಡಾಕ ಬರ್ತೈತೆಪಾ? ಬಿಟ್ಟಬಿಡು ನನ್ನ."

"ಸುಳ್ಳೇನ ಹೇಳೂದೈತಿ? ನೀ ಹುಡುಗರಿಗೆ ಏನೇನ ಮಾಡ್ತಿ, ಅದನ್ನಷ್ಟ ಹೇಳು. ಒಂದೂ ಬಿಡಬ್ಯಾಡ. ನಂದು ಮುಗದ ಮ್ಯಾಲೆ ನಿಂದು. ನಾನೂ ಅದನ್ನs ಹೇಳಾಂವ. ನಮ್ಮವ್ವ ಎಲ್ಲಾ ಮಾಡ್ತಾಳ ಅಂತ."

ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು. ನನಗೂ ಹೆಮ್ಮೆಯೇ ಆಯಿತು. ಮಗ ದೊಡ್ಡವನಾದರೂ ತಾಯಿಯ ಕೈ ಊಟ, ತಾಯಿ ನಿಂತು ನಡೆಸುವ ಮನೆ. ಇದಕ್ಕಿಂತ ಒಳ್ಳೆಯ ಮನೆಯನ್ನು ಯಾವ ಜಡ್ಜ್ ಕೇಳಿಯಾನು ಎಂದುಕೊಂಡೆವು ಇಬ್ಬರೂ.

ಕೋರ್ಟಿನಲ್ಲಿ ಸಾಕ್ಷಿಯವರನ್ನು ಮೊದಲು ಒಳಗೆ ಬಿಡುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ನಿಮ್ಮಪ್ಪ ಏನು ಹೇಳಿದನೋ ನನಗೆ ಕೇಳಲಿಲ್ಲ. ನನ್ನ ಸರದಿ ಬಂದಾಗ ಸೆರಗು ಹೊದ್ದುಕೊಂಡು ಒಳಗೆ ಹೋದೆ. ಒಂದು ಟಿವಿಯಂಥ ಪರದೆಯಲ್ಲಿ ಇಂಟರ್‌ಪ್ರಿಟರ್ ಹೆಂಗಸು ಕಾಣಿಸಿದಳು. ಹಣೆಗೆ ಕುಂಕುಮ ಇಟ್ಟುಕೊಂಡಿದ್ದಳು. "ನಮಸ್ಕಾರ ಅಮ್ಮಾ, ಸತ್ಯವನ್ನೇ ಹೇಳ್ತೀನಿ ಅಂತ ಪ್ರಮಾಣ ಮಾಡ್ಬೇಕು" ಎಂದಳು. ಅವಳ ಕನ್ನಡ ಕೇಳಿ ನನ್ನ ಅಂಜಿಕೆ ಸ್ವಲ್ಪ ತಗ್ಗಿತು. ಇನ್ನು ಯಾರನ್ನೂ ನೋಡದೆ ಅವಳೊಬ್ಬಳನ್ನೇ ನೋಡಿ ಮಾತಾಡಿದರಾಯಿತು ಎಂದುಕೊಂಡೆ.

ಮೊದಲು ನಿಮ್ಮಪ್ಪನ ವಕೀಲ ಕೇಳಿದ. ಬೆಳಗ್ಗೆ ಮಕ್ಕಳನ್ನು ಎಬ್ಬಿಸುವವರು ಯಾರು? ನಾನು. ಡಬ್ಬಿ? ನಾನು. ಬಸ್ಸಿಗೆ? ನಾನು. ಸ್ನಾನ, ಜಡೆ, ಬಟ್ಟೆ, ಊಟ? ನಾನು. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ. ಸಣ್ಣವನಿಗೆ ಅನ್ನ ಕಲಸಿ ಉಂಡೆ ಮಾಡಿ ಕೊಟ್ಟರೆ ಮಾತ್ರ ತಿನ್ನುತ್ತಾನೆ ಎಂದೂ ಹೇಳಿದೆ. ಮಾಸ್ತರರ ಮುಂದೆ ಮಗ್ಗಿ ಒಪ್ಪಿಸಿದ ಹುಡುಗಿಯ ಹಾಗೆ ಉಸಿರು ಬಿಟ್ಟೆ. ವಕೀಲ ಥ್ಯಾಂಕ್ಯೂ ಎಂದು ಕೂತ.

ಆಮೇಲೆ ನಿಮ್ಮ ಅಮ್ಮನ ವಕೀಲೆ ಎದ್ದಳು. ಬಿಳಿ ಕೂದಲಿನ ಹೆಂಗಸು. ಅವಳು ನನ್ನನ್ನು ಬೈಯುತ್ತಾಳೆ, ತಪ್ಪು ಹುಡುಕುತ್ತಾಳೆ ಎಂದು ಮೈ ಬಿಗಿ ಹಿಡಿದಿದ್ದೆ. ಅವಳು ಮೆಲ್ಲಗೆ ಏನೋ ಹೇಳಿದಳು.

"ಅಮ್ಮಾ, ನೀವು ಮೊಮ್ಮಕ್ಕಳನ್ನ ತುಂಬಾ ಚೆನ್ನಾಗಿ ನೋಡ್ಕೋತೀರಿ ಅಂತ ಹೇಳ್ತಿದಾರೆ" ಎಂದಳು ಪರದೆಯ ಹೆಂಗಸು. "ನೀವು ಇಷ್ಟೆಲ್ಲಾ ಮಾಡುವಾಗ ನಿಮ್ಮ ಮಗ ಏನು ಮಾಡ್ತಾರೆ ಅಂತ ಕೇಳ್ತಿದಾರೆ."

"ಕೆಲಸಾ ಮಾಡ್ತಾನ್ರೀ. ಕಂಪನಿ ಕೆಲಸಾ."

"ಮನೆ ಕೆಲಸದಲ್ಲಿ, ಮಕ್ಕಳ ಕೆಲಸದಲ್ಲಿ ಅವರಿಗೆ ಏನು ಮಾಡೋಕೆ ಹೇಳ್ತೀರಿ?"

"ಏನೂ ಹಚ್ಚೂದಿಲ್ರೀ. ಅವನ ತಾಟು ಸೈತ ನಾನs ತಗೀತೇನಿ. ದುಡಿಯೂ ಮಗಾ. ನಾ ಇರೂತನಕ ಅವನ ಕೈಗೆ ನೀರು ಹತ್ತಗೊಡೂದಿಲ್ಲ."

ಅದನ್ನು ನಾನು ಅವನ ಮರ್ಯಾದೆಗಾಗಿ ಹೇಳಿದೆ. ನನ್ನ ಮಗನನ್ನು ಹೇಗೆ ಇಟ್ಟುಕೊಂಡಿದ್ದೇನೆ ನೋಡಿ ಎಂಬಂತೆ ಹೇಳಿದೆ. ಪರದೆಯ ಹೆಂಗಸು ಇಂಗ್ಲಿಷಿನಲ್ಲಿ ಅದನ್ನು ಹೇಳಿ ಮುಗಿಸುವ ಹೊತ್ತಿಗೆ ನಿಮ್ಮಪ್ಪನ ವಕೀಲ ತಲೆ ಕೆಳಗೆ ಹಾಕಿ ಬರೆಯತೊಡಗಿದ.

"ಹುಡುಗನಿಗೆ ಜ್ವರ ಬಂದ ದಿನ ಡಾಕ್ಟರ ಹತ್ರ ಕರ್ಕೊಂಡು ಹೋದೋರು ಯಾರು?"

"ಅವರವ್ವ ಬಂದು ಒಯ್ದಳ್ರೀ. ನನಗ ಕಾರ್ ನಡಸಾಕ ಬರೂದಿಲ್ಲ."

"ಆಗ ನಿಮ್ಮ ಮಗ ಎಲ್ಲಿದ್ರು?"

"ಮನ್ಯಾಗ ಇದ್ದ. ಮೀಟಿಂಗಿನ್ಯಾಗ ಇದ್ದ. ನಾನs ಬಾಗಲಾ ಬಡೀಲಿಲ್ಲ. ಅವಂದೇನೂ ತಪ್ಪಿಲ್ರೀ."

"ನೀವು ಕಣ್ಣಿನ ಆಪರೇಷನ್‌ಗೆ ಹೋದ ವಾರ ಮಕ್ಕಳು ಯಾರ ಹತ್ರ ಇರ್ಬೇಕಿತ್ತು?"

"ಇವನ ಹಂತೇಕ."

"ಯಾರ ಹತ್ರ ಇದ್ರು?"

ಆಗ ತಿಳಿಯಿತು ನನಗೆ. ಆವರೆಗೆ ತಿಳಿದಿರಲಿಲ್ಲ, ನಿಮ್ಮಾಣೆ. ಯಾವ ಮಾತನ್ನು ನಾವು ಮನೆಯ ಹಿರಿಮೆ ಎಂದು ಹೊತ್ತುಕೊಂಡು ಬಂದಿದ್ದೆವೋ ಅದನ್ನೇ ಆ ಬಿಳಿ ಕೂದಲಿನವಳು ನನ್ನಿಂದ ಒಂದೊಂದಾಗಿ ತೆಗೆಸಿಕೊಳ್ಳುತ್ತಿದ್ದಳು. ನಿಮ್ಮಪ್ಪನನ್ನು ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ಮುಂದಿನ ಮೇಜನ್ನು ನೋಡುತ್ತಿದ್ದ. ಒಳಗೆ ಅವನೂ ಎಲ್ಲದಕ್ಕೂ ನಮ್ಮವ್ವ, ನಮ್ಮವ್ವ ಎಂದೇ ಹೇಳಿದ್ದನಂತೆ. ಅದು ಆಮೇಲೆ ಗೊತ್ತಾಯಿತು.

"ಅವರವ್ವನ ಹಂತೇಕ ಇದ್ದರು" ಎಂದೆ. ನನ್ನ ದನಿ ಸಣ್ಣದಾಗಿತ್ತು. ಇನ್ನೊಮ್ಮೆ ಹೇಳಿಸಿದರು.

ವಕೀಲೆ ಕೂತಳು. ಜಡ್ಜ್ ತಾವೇ ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. ಪರದೆಯ ಹೆಂಗಸು ಅದನ್ನು ಕನ್ನಡದಲ್ಲಿ ಹೇಳಿದಳು.

"ಅಮ್ಮಾ, ನಿಮಗೇನಾದ್ರೂ ಆಗಿ ನೀವು ಈ ಮನೇಲಿ ಇರೋಕಾಗ್ಲಿಲ್ಲ ಅಂದ್ರೆ, ಆಗ ಮಕ್ಕಳನ್ನ ನೋಡ್ಕೊಳ್ಳೋರು ಯಾರು ಅಂತ ಕೇಳ್ತಿದಾರೆ."

ಈ ಪ್ರಶ್ನೆಗೆ ನನ್ನ ಮುಂದೆ ಎರಡು ಉತ್ತರ ಇದ್ದವು. ನನ್ನ ಮಗ ನೋಡಿಕೊಳ್ಳುತ್ತಾನೆ ಎಂದರೆ ಯಾರಿಗೂ ಅದು ಸುಳ್ಳೆಂದು ತೋರಿಸಲಾಗುತ್ತಿರಲಿಲ್ಲ, ಮುಂದಿನ ಮಾತು ಅದು. ತಾಯಿಯಾದವಳು ಅದನ್ನೇ ಹೇಳಬೇಕಿತ್ತು. ನಿಮ್ಮಲ್ಲಿ ದೊಡ್ಡವಳು ಕೇಳಿದಳಲ್ಲ, ಡ್ಯಾಡಿಯ ವಿರುದ್ಧ ಹೇಳಿದೆಯಾ ಎಂದು. ಅಲ್ಲಿಯವರೆಗೆ ಹೇಳಿದ್ದೆಲ್ಲ ಅವನ ಪರವಾಗಿಯೇ ಹೇಳಿದ್ದು. ಈ ಒಂದು ಉತ್ತರವನ್ನು ಮಾತ್ರ, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತಿಳಿದೇ ಹೇಳಿದೆ.

"ಅವರವ್ವ" ಎಂದೆ.

ತೀರ್ಪು ಅದೇ ದಿನ ಮಧ್ಯಾಹ್ನ ಬಂತು. ನನ್ನನ್ನು ಒಳಗೆ ಕೂಡಲು ಬಿಟ್ಟಿದ್ದರು. ನಿಮ್ಮಪ್ಪನ ಪ್ರೀತಿಯ ಬಗ್ಗೆ ಈ ಕೋರ್ಟಿಗೆ ಅನುಮಾನವಿಲ್ಲ ಎಂದರಂತೆ ಜಡ್ಜ್. ಆದರೆ ಆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿರುವವರು ಅಜ್ಜಿ, ಅಜ್ಜಿ ಈ ಕೇಸಿನ ಕಕ್ಷಿಯಲ್ಲ ಎಂದರಂತೆ. ನೀವು ಶಾಲೆಯ ದಿನಗಳಲ್ಲಿ ಅಮ್ಮನ ಹತ್ತಿರ ಇರಬೇಕು. ಒಂದು ಬಿಟ್ಟು ಒಂದು ವಾರಾಂತ್ಯ ಅಪ್ಪನ ಹತ್ತಿರ, ಬೇಸಿಗೆಯ ರಜೆಯಲ್ಲಿ ಅರ್ಧ ಅಪ್ಪನ ಹತ್ತಿರ. ಇಬ್ಬರ ಸಂಬಳ ನೋಡಿ ಲೆಕ್ಕ ಹಾಕಿ, ನಿಮ್ಮ ಖರ್ಚಿಗೆ ಅವನ ಪಗಾರದಿಂದಲೇ ಪ್ರತಿ ತಿಂಗಳು ಹಿಡಿದು ಕೊಡಬೇಕು. ನಿಮ್ಮ ಅಮ್ಮ ಅಳಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಬಹಳ ದೂರ ಏನನ್ನೋ ಹೊತ್ತು ತಂದವಳಂತೆ ಎರಡೂ ಕೈ ಮೇಜಿನ ಮೇಲೆ ಬಿಟ್ಟು ಕೂತಿದ್ದಳು. ಹೊರಗೆ ಬರುವಾಗ ನನ್ನ ಹತ್ತಿರ ಬರಲು ಒಂದು ಹೆಜ್ಜೆ ಇಟ್ಟಳು. ನಾನು ತಲೆ ಅಲ್ಲಾಡಿಸಿದೆ, ಬರಬೇಡ ಎಂದು. ಮಗ ಪಕ್ಕದಲ್ಲಿದ್ದ.

ಮನೆಗೆ ಬಂದವನೇ ಅವನು ಮೇಲೆ ಹೋಗಿ ಬಾಗಿಲು ಹಾಕಿಕೊಂಡ. ಚಹಾ ಮಾಡಿ ಮೇಲೆ ಒಯ್ದೆ. ಬಾಗಿಲು ತೆಗೆಯಲಿಲ್ಲ. ಬಾಗಿಲ ಮುಂದೆ ಇಟ್ಟು ಬಂದೆ. ಮರುದಿನ ಬೆಳಗ್ಗೆ ಹಾಗೆಯೇ ಇತ್ತು, ಮೇಲೆ ಕೆನೆಗಟ್ಟಿತ್ತು.

ಹೊಸ ನಿಯಮದ ಮೊದಲ ವಾರಾಂತ್ಯ ನೀವು ಬಂದಿರಿ. ಶನಿವಾರ ಬೆಳಗ್ಗೆ ನಾನು ಎಂದಿನಂತೆ ಅಡುಗೆಮನೆಗೆ ಹೋದರೆ ನಿಮ್ಮಪ್ಪ ಆಗಲೇ ಅಲ್ಲಿ ನಿಂತಿದ್ದ. ಒಲೆಯ ಮೇಲೆ ಬಾಣಲಿ, ಕೈಯಲ್ಲಿ ಫೋನು. ಫೋನಿನಲ್ಲಿ ಯಾರೋ ಉಪ್ಪಿಟ್ಟು ಮಾಡುವುದನ್ನು ತೋರಿಸುತ್ತಿದ್ದರು.

"ಸರಿಯಪಾ, ನಾ ಮಾಡ್ತೇನಿ" ಎಂದೆ.

"ಕೈ ಹಚ್ಚಬ್ಯಾಡ."

"ರವಾ ಹೊತ್ತಾಕತ್ತೈತೋ."

"ಹೊತ್ತಲಿ. ನೀ ಹೋಗಿ ಕೂಡು. ಇನ್ನ ಈ ಮನ್ಯಾಗ ನೀ ಏನೂ ಮುಟ್ಟಬ್ಯಾಡ. ನಾಳೆ ಮತ್ತ ಅದನ್ನೂ ಹೋಗಿ ಹೇಳ್ತಿ."

ಹೋಗಿ ಕೂತೆ. ಇಡೀ ಎರಡು ದಿನ ಆ ಸೋಫಾದಲ್ಲಿ ಕೂತಿದ್ದೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಕೈ ಕಟ್ಟಿ ಕೂತವಳಲ್ಲ ನಾನು. ಉಪ್ಪಿಟ್ಟು ಕಪ್ಪಗಾಗಿತ್ತು. ದೊಡ್ಡವಳು ಎರಡು ಚಮಚ ತಿಂದು, "ಐಯಾಮ್ ಫುಲ್" ಎಂದಳು. ಸಣ್ಣವನು ಬಟ್ಟಲು ಹಿಡಿದು ನನ್ನ ಹತ್ತಿರ ಬಂದು, "ಅಜ್ಜಿ, ಬಾಲ್ ಮಾಡು" ಎಂದ, ಉಂಡೆ ಮಾಡಿಕೊಡು ಎಂದು. ನಾನು ನಿಮ್ಮಪ್ಪನ ಮುಖ ನೋಡಿದೆ. ಅವನು ಬಟ್ಟಲು ಕಸಿದುಕೊಂಡು ತಾನೇ ಉಂಡೆ ಕಟ್ಟಲು ಹೋದ. ಹೊತ್ತಿದ ರವೆ ಉಂಡೆಯಾಗದೆ ಉದುರಿತು. ಸಣ್ಣವನು ಅಮ್ಮ ಬೇಕು ಎಂದು ಅತ್ತ. ಮೊದಲೂ ಒಮ್ಮೊಮ್ಮೆ ಹಾಗೆ ಅಳುತ್ತಿದ್ದ. ಅವತ್ತಿನ ಅಳು ಕೇಳಿ ನಿಮ್ಮಪ್ಪ ಸಿಂಕಿನ ಮುಂದೆ ಬೆನ್ನು ತಿರುಗಿಸಿ ನಿಂತವನು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ಇದ್ದ.

ಮರುವಾರ ನನ್ನನ್ನು ಡರ್ಹಮ್‌ಗೆ ತಂದು ಬಿಟ್ಟ. ಬ್ಯಾಗು ಎತ್ತಿ ಒಳಗೆ ಇಟ್ಟ, ಬಗ್ಗಿ ಕಾಲು ಮುಟ್ಟಿದ. ಅದೊಂದು ಪದ್ಧತಿಯನ್ನು ಬಿಡಲಿಲ್ಲ. ನಿಮ್ಮ ಸೋದರತ್ತೆ ತಂಬಿಗೆಯಲ್ಲಿ ನೀರು ತಂದು ಹಿಡಿದಳು. ನಮ್ಮ ಕಡೆ ಬಾಗಿಲಿಗೆ ಬಂದವನು, ವೈರಿಯಾದರೂ, ನೀರು ಕುಡಿದು ಹೋಗುತ್ತಾನೆ. ಬೇಡ ಎಂದ.

"ಒಂದ ಗುಟುಕು ಕುಡಿಯೋ" ಎಂದಳು ಅವಳು.

"ಟ್ರಾಫಿಕ್ ಆಗ್ತೈತಿ" ಎಂದು ಹೋಗಿ ಕಾರಿನಲ್ಲಿ ಕೂತ.

ಅವತ್ತಿನಿಂದ ಇವತ್ತಿನವರೆಗೆ ಅವನು ನನ್ನೊಡನೆ ಮಾತಾಡಿಲ್ಲ. ಕೆಲಸ ಬದಲಿಸಿ ಅಟ್ಲಾಂಟಾ ಕಡೆಗೆ, ನಾರ್‌ಕ್ರಾಸ್‌ಗೆ ಹೋದ. ಬೇಸಿಗೆಯಲ್ಲಿ ನೀವು ಅಲ್ಲಿಗೆ ಹೋಗುತ್ತೀರಿ. ನಿಮ್ಮ ಅಮ್ಮ ತಪ್ಪದೆ ಕಳಿಸುತ್ತಾಳೆ, ಅಪ್ಪನಿಗೂ ಹಕ್ಕಿದೆ ಎನ್ನುತ್ತಾಳೆ. ಅವಳು ನನಗೂ ಫೋನ್ ಮಾಡುತ್ತಾಳೆ, ದೀಪಾವಳಿಗೆ ನಿಮ್ಮನ್ನು ಕರೆದುಕೊಂಡು ಬರುತ್ತಾಳೆ. ಕೋರ್ಟಿನ ಮಾತನ್ನು ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಅವಳು ಒಮ್ಮೆ ಥ್ಯಾಂಕ್ಸ್ ಅತ್ತೆ ಎನ್ನಲು ಬಾಯಿ ತೆರೆದಳು. ಬೇಡವ್ವ ಎಂದೆ. ನಾನು ಅವಳಿಗಾಗಿ ಹೇಳಿದ್ದಲ್ಲ. ಯಾರಿಗಾಗಿ ಎಂದು ನೀವು ದೊಡ್ಡವರಾದ ಮೇಲೆ ನೀವೇ ತಿಳಿದುಕೊಳ್ಳಿ.

ಹೋದ ಬೇಸಿಗೆಯಲ್ಲಿ, ನೀವು ನಾರ್‌ಕ್ರಾಸ್‌ನಲ್ಲಿದ್ದಾಗ, ಒಂದು ಮಧ್ಯಾಹ್ನ ಅವನು ನಿಮ್ಮ ಸೋದರತ್ತೆಗೆ ಫೋನ್ ಮಾಡಿದ. ಅವಳ ಕೈ ಹಿಟ್ಟಾಗಿತ್ತು, ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಇಟ್ಟಳು. ಹಿಂದೆ ನಿಮ್ಮ ಗದ್ದಲ ಕೇಳುತ್ತಿತ್ತು. ಮಕ್ಕಳು ಸಾರು ಕೇಳುತ್ತಿದ್ದಾವೆ, ಎಷ್ಟು ಸಲ ಮಾಡಿದರೂ ಮೊದಲಿನ ಹಾಗೆ ಆಗುತ್ತಿಲ್ಲ, ಹುಣಸೆಹಣ್ಣು ಎಷ್ಟು ಹಾಕಬೇಕು ಎಂದು ಕೇಳಿದ.

ಅವಳಿಗೆ ಗೊತ್ತಿಲ್ಲ. ನನ್ನ ಮುಖ ನೋಡಿದಳು.

"ನಿಂಬಿಕಾಯಷ್ಟು ತಗೊಂಡು ಬಿಸಿನೀರಾಗ ನೆನಸಂತ ಹೇಳು. ಬ್ಯಾಳಿ ಕುದ್ದ ಮ್ಯಾಲೆ ಹಾಕಂತ ಹೇಳು, ಮೊದಲs ಹಾಕಿದರ ಬೇಯೂದಿಲ್ಲ" ಎಂದೆ.

ಫೋನು ನನ್ನಿಂದ ಒಂದು ಮಾರು ದೂರದಲ್ಲಿತ್ತು. ನನ್ನ ದನಿ ಅವನಿಗೆ ಕೇಳಿಸಿತ್ತು, ಕೇಳಿಸದೆ ಇರಲು ಸಾಧ್ಯವಿಲ್ಲ. ಆ ಕಡೆಯಿಂದ ಮಾತಿಲ್ಲ. ಕಟ್ ಮಾಡಿದನೇನೋ ಎಂದುಕೊಂಡೆ. ಇಲ್ಲ, ನಿಮ್ಮ ಗದ್ದಲ ಕೇಳಿಸುತ್ತಲೇ ಇತ್ತು. ನಿಮ್ಮ ಸೋದರತ್ತೆ ನಾನು ಹೇಳಿದ್ದನ್ನೇ ಮತ್ತೊಮ್ಮೆ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಆಗ ಅವನು ಹೂಂ ಎಂದ.